ಸಿತಾರದ ‘ಶುದ್ಧ’ ರಿ ಯಾವ ರಿ?

ಪ್ರಶ್ನೆ: ಕರ್ನಾಟಕ ಸಂಗೀತದ ಮೊದಲ ಪಾಠವಾದ ಸರಳೆ ವರಸೆಯನ್ನು ಮಾಯಾಮಾಳವಗೌಳ ರಾಗದಲ್ಲಿ ಕಲಿತಿದ್ದೇನೆ. ಸಿತಾರದ 8ನೇ ಪರದೆ (ಕೊರಳಿಗೆ ಅಡ್ಡಲಾಗಿ ಕಟ್ಟಿದ ಲೋಹದ ಪಟ್ಟಿ) ಶುದ್ಧ ರಿ ಅಂದರು. ನುಡಿಸಿದರೆ ರಾಗವೇ ಬೇರೆ ಕೇಳುತ್ತದೆ. ವಾದ್ಯ ಕೆಟ್ಟಿದೆಯೇ? — ಹೊಳಲ್ಕೆರೆ

ವಾದ್ಯ ಸರಿಯಾಗೇ ಇದೆ, ಗೋಜಲು ಹೆಸರಿನಲ್ಲಿದೆ. ಕರ್ನಾಟಕ ಸಂಗೀತದ ಶುದ್ಧ ರಿಷಭಕ್ಕೆ ಹಿಂದೂಸ್ತಾನಿಯವರು ಕೋಮಲ (ತಗ್ಗಿಸಿದ) ರಿ ಅನ್ನುತ್ತಾರೆ. ಅವರ ಶುದ್ಧ ರಿ ನಿಮ್ಮ ಚತುಶ್ರುತಿ, ಅರ್ಧ ಸ್ವರ ಮೇಲಿನ ರಿ. ಧೈವತದ ಕಥೆಯೂ ಅಷ್ಟೇ. ಇದನ್ನು ಹೇಳದೆ ಪಾಠ ಶುರು ಮಾಡುವವರಿಗೆ ಏನೆನ್ನಬೇಕೋ!

19 ಪರದೆಯ ಸಿತಾರದಲ್ಲಿ ಮಧ್ಯ ಸಪ್ತಕದ (ನಡು ಸ್ಥಾಯಿಯ) ಕೋಮಲ ರಿ, ಕೋಮಲ ಧಕ್ಕೆ ಬೇರೆ ಪರದೆ ಇರುವುದಿಲ್ಲ. ಹಾಗಾಗಿ ಮೊದಲ ಮೂರು ತಿಂಗಳು ಶಂಕರಾಭರಣ, ಅಂದರೆ ಹಿಂದೂಸ್ತಾನಿಯ ಬಿಲಾವಲ್ ಥಾಟ್ (ಮೇಳ), ಸಾಕು. ಬಾಜ್ ತಂತಿಯ (ನುಡಿಸುವ ಮುಖ್ಯ ತಂತಿ) ಮೇಲೆ 7, 8, 10, 11, 13, 14, 16, 17ನೇ ಪರದೆಗಳು. 7 ಮಧ್ಯ ಸ, 17 ತಾರ (ಮೇಲಿನ ಸ್ಥಾಯಿಯ) ಸ. ನಿ ವರೆಗೂ ತೋರುಬೆರಳು, ತಾರ ಸಕ್ಕೆ ಮಾತ್ರ ನಡುಬೆರಳು. ಒತ್ತುವುದು ಪರದೆಯ ಮೇಲಲ್ಲ, ಬಿರಡೆಯ (ತಂತಿ ಬಿಗಿಯುವ ಮರದ ಗೂಟ) ಕಡೆಗೆ ಅದರ ಬೆನ್ನಿಗೆ ಅಂಟಿಕೊಂಡಂತೆ. ತಂತಿ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದರೂ ಸ್ವರ ಏರುತ್ತದೆ. ಬಲಗೈ ತೋರುಬೆರಳಿಗೆ ತೊಡುವ ತಂತಿಯ ಮೀಟುಗ, ಮಿಜ್ರಾಬು, ಒಳಗೆ ಬಂದರೆ ದಾ, ಹೊರಗೆ ಹೋದರೆ ರಾ; ಸ್ವರಕ್ಕೆ ಒಂದೊಂದು ದಾ-ರಾ, ನಿಮಿಷಕ್ಕೆ 60ರ ಲಯ.

ಮಾಯಾಮಾಳವಗೌಳವೇ ಬೇಕೆಂದರೆ ಅದು ಭೈರವ್ ಥಾಟ್. ಮೊದಲು ತರಬಿನ (ಪರದೆಗಳ ಕೆಳಗೆ ತಾನಾಗಿ ಮೊರೆಯುವ ತಂತಿಗಳು) ರಿ, ಧ ತಂತಿಗಳನ್ನು ಕೋಮಲಕ್ಕೆ ಇಳಿಸಿ. ಆಮೇಲೆ 8ನೇ ಪರದೆಯನ್ನು ಎರಡೂ ಕೈಯಿಂದ, ಎರಡೂ ಬದಿ ಸಮನಾಗಿ ಹಿಡಿದು ಬಿರಡೆಯ ಕಡೆ ಸುಮಾರು ಮೂರು ಸೆಂ.ಮೀ. ಜರುಗಿಸಿ, 14ನೇದನ್ನು ಒಂದೂವರೆ. ಅಳತೆ ಅಂದಾಜಿಗಷ್ಟೇ. ಬಾಜ್ ತಂತಿ ಮೀಟಿದಾಗ ಕೆಳಗಿನ ತರಬು ಮೀಟದೆಯೇ ಮೊರೆದರೆ ಅದೇ ಜಾಗ. ಒಂದೇ ಬದಿ ತಳ್ಳಿದರೆ ಪರದೆ ಓರೆಯಾಗಿ ಕಟ್ಟಿದ ದಾರ ಸಡಿಲವಾಗುತ್ತದೆ. ಮಂದ್ರದಲ್ಲಿ (ಕೆಳಗಿನ ಸ್ಥಾಯಿ) ಈ ತೊಂದರೆಯಿಲ್ಲ, ಕೋಮಲ ಧ 3ನೇ ಪರದೆಯಲ್ಲೇ ಇದೆ. ಸ ಪರದೆಯಿಂದ ತಂತಿ ಎಳೆದು ಕೋಮಲ ರಿ ತೆಗೆಯಬಹುದಲ್ಲ ಎಂದು ಕೇಳಬೇಡಿ. ಅದು ಮೀಂಡ್, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವುದು, ಸರಳೆ ವರಸೆಗಲ್ಲ.

ಪ್ರಶ್ನೆ: ಪರದೆಗೆ ಸ್ಟಿಕ್ಕರ್ ಅಂಟಿಸಲೇ? — ದಾವಣಗೆರೆ

ಬೇಡ. ಜರುಗುವ ಪರದೆಗೆ ಸ್ಟಿಕ್ಕರ್ ಸುಳ್ಳು ಹೇಳುತ್ತದೆ.

ಪ್ರಶ್ನೆ: ಬೇಸಿಗೆಯಲ್ಲಿ ಬಿರಡೆ ಜಾರುತ್ತದೆ. ರಿಪೇರಿಯವನು ಗೋಂದು ಹಾಕುತ್ತೇನೆ ಅನ್ನುತ್ತಾನೆ. — ಚಳ್ಳಕೆರೆ

ಅವನಿಂದ ಸಿತಾರ ವಾಪಸ್ ತನ್ನಿ, ಇವತ್ತೇ. ಒಣ ಹವೆಗೆ ಮರ ಕುಗ್ಗಿದೆ, ಅಷ್ಟೇ. ಬಿರಡೆ ಬಿಚ್ಚಿ, ಸೀಮೆಸುಣ್ಣ ಸವರಿ, ಒಳಗೆ ಒತ್ತುತ್ತಾ ತಿರುಗಿಸಿ.

ಪ್ರಶ್ನೆ: ಬೆರಳು ಕೊಯ್ಯುತ್ತದೆ, ನೈಲಾನ್ ತಂತಿ ಹಾಕಬಹುದೇ? — ಹಿರಿಯೂರು

ಇಲ್ಲ. ಹತ್ತಿಗೆ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಪಕ್ಕದಲ್ಲಿಟ್ಟುಕೊಳ್ಳಿ, ಎಡಗೈ ಬೆರಳ ತುದಿಗೆ ಮಾತ್ರ. ಮಿಜ್ರಾಬಿನ ಬೆರಳಿಗೆ ಎಣ್ಣೆ ತಾಗಿದರೆ ಮಿಜ್ರಾಬು ಉದುರಿ ಬೀಳುತ್ತದೆ.