ಹಳೆ ಕಾರು, ಬಳ್ಳಾರಿ ಬಿಸಿಲು: ಎಷ್ಟು ಕಿಲೋಮೀಟರಿಗೆ ಏನು ಬದಲಿಸಬೇಕು?

12 ವರ್ಷದ ಕಾರು, ಮನೆಮಂದಿಯೆಲ್ಲ ಅದರಲ್ಲೇ ಓಡಾಡುವುದು, ಎಷ್ಟು ಕಿಲೋಮೀಟರಿಗೆ ಏನು ಬದಲಿಸಬೇಕು ಅಂತ ಪಟ್ಟಿ ಕೇಳಿದ್ದೀರಿ. ಪಟ್ಟಿ ನನ್ನ ಹತ್ತಿರವೂ ಇತ್ತು. ಆದರೂ ಸಿಂಧನೂರು ದಾರಿಯ ದಢೇಸೂಗೂರು ಸೇತುವೆ ದಾಟಿದ ಮೇಲೆ ನಮ್ಮ ಕಾರು ಹಬೆ ಎಬ್ಬಿಸಿಕೊಂಡು ನಿಂತಿತು.

2006ರ ವ್ಯಾಗನ್ ಆರ್, ಅಪ್ಪ ಕೊಂಡದ್ದು. ಎಂಜಿನ್ ಆಯಿಲ್ ಒಂದು ದಿನ ತಡ ಮಾಡಿದವನಲ್ಲ ನಾನು. ಆದರೆ ಎಂಜಿನ್ ತಣ್ಣಗಿಡುವ ರೇಡಿಯೇಟರಿನ ಕೆಳಗಿನ ಹೋಸ್ (ರಬ್ಬರ್ ಕೊಳವೆ) ಸಣ್ಣಗೆ ಬೆವರುತ್ತಿತ್ತು. ಒಳಗಿನ ನೀರು ವಾರಕ್ಕೆ ಅರ್ಧ ಲೀಟರ್ ಇಳಿಯುತ್ತಿತ್ತು. 'ಮುನ್ನೂರು ರೂಪಾಯಿ ಕೆಲಸ, ಬದಲಿಸಿಬಿಡಿ' ಅಂದ ಮೆಕ್ಯಾನಿಕ್. 'ಮುಂದಿನ ಸರ್ವಿಸ್‌ಗೆ ನೋಡೋಣ' ಅಂದೆ. ಮನೆಯ ಬೋರ್ ನೀರನ್ನೇ ಬಾಟಲಿಗೆ ತುಂಬಿ ಸುರಿಯುತ್ತಾ ಬಂದೆ. ಎರಡು ವರ್ಷ!

ನಮ್ಮ ಬೋರ್ ನೀರು ಕಾಯಿಸಿದ ಹಂಡೆಯ ತಳ ನೋಡಿದ್ದೀರಲ್ಲ, ಬಿಳಿ ಪದರ? ಅದೇ ಸುಣ್ಣ ರೇಡಿಯೇಟರ್ ಒಳಗೂ ಕೂರುತ್ತದೆ. ಅಲ್ಲಿನ ಕೊಳವೆಗಳು ಚಪ್ಪಟೆ, ಬಹಳ ಸಣ್ಣವು. ಅರ್ಧ ಲೀಟರ್ ಹೊಸ ನೀರು ಅಂದರೆ ಅಷ್ಟು ಹೊಸ ಸುಣ್ಣ. ಇನ್ನೊಂದು ಕಡೆ ಕೂಲೆಂಟ್ ತೆಳುವಾಗುತ್ತಾ ಹೋಯಿತು. ಕೂಲೆಂಟ್ ಅಂದರೆ ಚಳಿದೇಶದವರು ನೀರು ಹೆಪ್ಪುಗಟ್ಟದಿರಲಿ ಅಂತ ಹಾಕುವುದು, ನಮಗ್ಯಾಕೆ ಅಂದುಕೊಂಡಿದ್ದೆ. ಅದು ಕುದಿಯುವ ಬಿಂದುವನ್ನೂ ಮೇಲೆತ್ತುತ್ತದೆ, ತುಕ್ಕನ್ನೂ ತಡೆಯುತ್ತದೆ. ನಮಗೇ ಜಾಸ್ತಿ ಬೇಕು ಅದು. ಊರೊಳಗೆ ಮಾರ್ಕೆಟ್ಟು, ಶಾಲೆ ಅಂತ ಓಡಾಡುವಾಗ ಎಂಜಿನ್ ಬಿಸಿ ತೋರಿಸುವ ಮುಳ್ಳು ನಡುವೆಯೇ ಇರುತ್ತಿತ್ತು. ಹಾಗಾಗಿ ಏನೂ ಗೊತ್ತಾಗಲಿಲ್ಲ.

ಮೇ ತಿಂಗಳಲ್ಲಿ ಸಿಂಧನೂರಿನಲ್ಲಿ ಮದುವೆ. ಐದು ಜನ, ಡಿಕ್ಕಿ ತುಂಬ ಸಾಮಾನು, ಎಸಿ. ಸಿರುಗುಪ್ಪ ದಾಟಿದ ಮೇಲೆ ಮುಳ್ಳು ಏರತೊಡಗಿತು. ಎಸಿ ಆರಿಸಿದೆ. ಸಿಂಧನೂರು ಇನ್ನೇನು ಬಂತಲ್ಲ, ಮುಹೂರ್ತ ತಪ್ಪುತ್ತದೆ ಅಂತ ಓಡಿಸಿದೆ. ಎಂಜಿನ್ನಿನ ಮೇಲ್ಭಾಗದ ಹೆಡ್ ಬಾಗಿತು, ಅದರ ಕೆಳಗೆ ಬಿಗಿಯಾಗಿ ಕೂರುವ ಹೆಡ್ ಗ್ಯಾಸ್ಕೆಟ್ ಹೋಯಿತು. ಆಯಿಲ್ ಮಟ್ಟ ನೋಡುವ ಕಡ್ಡಿ, ಡಿಪ್‌ಸ್ಟಿಕ್ ಎಳೆದರೆ ಆಯಿಲ್ ಹಾಲು ಹಾಕಿದ ಚಹಾದ ಹಾಗಿತ್ತು, ಅಂದರೆ ಅದಕ್ಕೆ ನೀರು ಸೇರಿತ್ತು. ಲೇತ್ ಕೆಲಸ, ಹೊಸ ರೇಡಿಯೇಟರ್, ಎಳೆದು ತಂದ ಖರ್ಚು ಸೇರಿ 22 ಸಾವಿರ. ಮುಹೂರ್ತವೂ ತಪ್ಪಿತು, ಅದು ಬೇರೆ ಮಾತು. ಅತ್ತೆ ಇವತ್ತಿಗೂ ಆ ವಿಷಯ ಎತ್ತುತ್ತಾರೆ.

ಹಾಗಾಗಿ ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣುವುದಿಲ್ಲ. ಹಳೆ ಕಾರು ಬರೀ ಕಿಲೋಮೀಟರ್ ಲೆಕ್ಕದಲ್ಲಿ ಕೆಡುವುದಿಲ್ಲ. ಸೋರುವುದು, ಒಣಗುವುದು, ಬಿರುಕು ಬಿಡುವುದು ವಾರವಾರ ನಡೆಯುತ್ತದೆ. ಭಾನುವಾರ ಬೆಳಗ್ಗೆ ಎಂಜಿನ್ ತಣ್ಣಗಿರುವಾಗ ಬಾನೆಟ್ ಎತ್ತಿ ಹತ್ತು ನಿಮಿಷ ನೋಡಿ. ಕೂಲೆಂಟ್ ಮಟ್ಟ, ಆಯಿಲ್ ಮಟ್ಟ, ಕಾರಿನ ಕೆಳಗೆ ಹನಿ ಬಿದ್ದಿದೆಯಾ, ಹೋಸ್ ಒತ್ತಿದರೆ ಗಟ್ಟಿಯಾಗಿ ಬಿರುಕು ಕಾಣುತ್ತದಾ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮುಟ್ಟಲೇಬೇಡಿ. ಕೂಲೆಂಟ್ ಕಡಿಮೆಯಾದರೆ ಕೂಲೆಂಟನ್ನೇ ಹಾಕಿ. ನೀರು ಬೆರೆಸಬೇಕಾದ ಜಾತಿಯದಾದರೆ ಡಿಸ್ಟಿಲ್ಡ್ ವಾಟರ್ ಬಳಸಿ. ಮತ್ತೆ ಮತ್ತೆ ಕಡಿಮೆಯಾದರೆ ತುಂಬುವುದನ್ನು ಬಿಟ್ಟು ಸೋರುವ ಜಾಗ ಹುಡುಕಿಸಿ.

ಹೊಸಪೇಟೆ, ತೋರಣಗಲ್ಲು ಕಡೆ ಅದಿರು ಲಾರಿಗಳ ಹಿಂದೆ ಹೆಚ್ಚು ಓಡಾಡುತ್ತೀರಾದರೆ ಏರ್ ಫಿಲ್ಟರ್ ತೆಗೆದು ನೋಡಿ, ಕೆಂಪಗಾಗಿರುತ್ತದೆ. ಕೈಪಿಡಿಯ ಅವಧಿ ಅಲ್ಲಿ ನಡೆಯುವುದಿಲ್ಲ, ನಾನು 5,000 ಕಿಲೋಮೀಟರಿಗೇ ಬದಲಿಸುತ್ತೇನೆ. ಟೈಮಿಂಗ್ ಬೆಲ್ಟ್ (ಎಂಜಿನ್ನಿನ ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ಆಡಿಸುವ ಪಟ್ಟಿ) ಇರುವ ಎಂಜಿನ್ ಆದರೆ ಅದನ್ನು ಮಾತ್ರ ಮುಂದೂಡಬೇಡಿ, ತುಂಡಾಗುವ ಮೊದಲು ಅದು ಸದ್ದು ಮಾಡಲೇಬೇಕೆಂದೇನಿಲ್ಲ. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರದ್ದು. ಟೈರಿನ ಮೇಲಿನ ಗೀರು (ಟ್ರೆಡ್) ಎಷ್ಟೇ ಚೆನ್ನಾಗಿದ್ದರೂ ಇಷ್ಟು ಹಳೆಯದು ನಮ್ಮ ಬಿಸಿಲಿಗೆ ಬೇಡ. ಎಂಜಿನ್‌ಗೆ ಸುರಿಯುವ ಬಾಟಲಿ ಔಷಧಗಳೆಲ್ಲ ಸುಮ್ನೆ ದುಡ್ಡು ದಂಡ.

ನಾಳೆ ಬೆಳಗ್ಗೆ ಕಾರು ಶುರು ಮಾಡುವ ಮುಂಚೆ ರೇಡಿಯೇಟರ್ ಮುಚ್ಚಳ ತೆಗೆದು ಒಳಗಿರುವುದರ ಬಣ್ಣ ನೋಡಿ. ಹಸಿರೋ ಕೆಂಪೋ ಇದ್ದರೆ ಸರಿ. ಬಣ್ಣವಿಲ್ಲದ ನೀರೋ ತುಕ್ಕಿನ ಕೆಸರೋ ಇದ್ದರೆ ಇಲ್ಲೇ ಬರೆಯಿರಿ, ಮುಂದೇನು ಮಾಡಬೇಕು ಅಂತ ಹೇಳುತ್ತೇನೆ.