ಡಿಸ್ಕ್ ಉಬ್ಬಿದೆ, ಆಪರೇಷನ್ ಬೇಕಾ?

ಪ್ರಶ್ನೆ: ನನಗೆ 43 ವರ್ಷ. ಶಿರಸಿ ಹತ್ತಿರ ತೋಟವಿದೆ. ಕಳೆದ ತಿಂಗಳು ಅಡಿಕೆ ಚೀಲ ಎತ್ತುವಾಗ ಸೊಂಟ ಹಿಡಿಯಿತು. ಈಗ ನೋವು ಎಡಗಾಲಿನ ಹೆಬ್ಬೆರಳಿನವರೆಗೆ ಇಳಿಯುತ್ತದೆ. ಕೆಮ್ಮಿದರೆ ಕರೆಂಟ್ ಹೊಡೆದಂತಾಗುತ್ತದೆ. ಎಂಆರ್‌ಐನಲ್ಲಿ ಎಲ್4–ಎಲ್5 (ಸೊಂಟದ 4 ಮತ್ತು 5ನೇ ಮಣಿಗಳ ನಡುವಿನ) ಡಿಸ್ಕ್ ಉಬ್ಬಿದೆ ಎಂದಿದೆ. ಆಪರೇಷನ್ ಮಾಡಿಸಲೇಬೇಕಾ? ಉಳುಕು ತೆಗೆಯುವವರ ಹತ್ತಿರ ಹೋಗಬಹುದಾ?

ಉತ್ತರ: ಆಪರೇಷನ್ ಯೋಚನೆಯನ್ನು ಸದ್ಯಕ್ಕೆ ಬದಿಗಿಡಿ. ಬೆನ್ನುಮೂಳೆಯ ಎರಡು ಮಣಿಗಳ ನಡುವಿನ ಮೆತ್ತನೆಯ ಬಿಲ್ಲೆಯೇ ಡಿಸ್ಕ್. ಅದು ಉಬ್ಬಿ, ಕಾಲಿಗೆ ಹೋಗುವ ನರವನ್ನು ಒತ್ತಿದೆ. ಇದೇ ಸಯಾಟಿಕಾ. ಹೆಚ್ಚಿನವರಿಗೆ 6ರಿಂದ 12 ವಾರದೊಳಗೆ ನೋವು ತಗ್ಗುತ್ತದೆ. ಹೊರಚಾಚಿದ ಭಾಗವನ್ನು ಎಷ್ಟೋ ಸಲ ದೇಹವೇ ಕರಗಿಸುತ್ತದೆ. ಅಂದಹಾಗೆ, ನಿಮ್ಮ ವಯಸ್ಸಿನ, ನೋವೇ ಇಲ್ಲದ ಎಷ್ಟೋ ಜನರನ್ನು ಸ್ಕ್ಯಾನ್ ಮಾಡಿದರೂ ಡಿಸ್ಕ್ ಉಬ್ಬಿರುವುದು ಕಾಣುತ್ತದೆ. ಬರೀ ರಿಪೋರ್ಟ್ ನೋಡಿ ಕತ್ತಿ ಹಿಡಿಯುವುದು ನನಗಂತೂ ಒಪ್ಪಿಗೆಯಿಲ್ಲ.

ಹಾಗಂತ ಸುಮ್ನೆ ಮಲಗಿಯೇ ಇರಬೇಡಿ. ತೀರಾ ನೋವಿದ್ದರೆ ಒಂದೆರಡು ದಿನ ಸಾಕು. ಆಮೇಲೆ ಅಂಗಳದಲ್ಲೇ ಸ್ವಲ್ಪ ಸ್ವಲ್ಪ ನಡೆಯಿರಿ. ಚೀಲ, ಅಡಿಕೆ ಕೊನೆ ಹೊರುವುದು ಈ ಕೊಯ್ಲಿಗೆ ಬೇಡ. ಮನೆಯವರು ಗೊಣಗಿದರೆ ಗೊಣಗಲಿ. ನೋವಿನ ಮಾತ್ರೆಯನ್ನು ವೈದ್ಯರನ್ನು ಕೇಳಿಯೇ ತಗೊಳ್ಳಿ, ಖಾಲಿ ಹೊಟ್ಟೆಯಲ್ಲಂತೂ ಬೇಡ. ನೋವು ತಗ್ಗುತ್ತಾ ಬಂದಂತೆ ಫಿಸಿಯೋಥೆರಪಿಸ್ಟ್ ಹತ್ತಿರ ವ್ಯಾಯಾಮ ಕಲಿಯಿರಿ. ಉಳುಕು ತೆಗೆಸುವುದು ಬೇಡವೇ ಬೇಡ. ಒತ್ತಿ ತಿರುಚಿದರೆ ನರಕ್ಕೆ ಪೆಟ್ಟು ಜಾಸ್ತಿಯಾಗಬಹುದು.

ಎಡಪಾದ ಎತ್ತಲಾಗದೆ ಚಪ್ಪಲಿ ಜಾರುತ್ತಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಮೂತ್ರ ಕಟ್ಟಿದರೆ, ಮಲಮೂತ್ರದ ಹಿಡಿತ ತಪ್ಪಿದರೆ, ಕೂರುವ ಜಾಗ ಮರಗಟ್ಟಿದರೆ ಬೆಳಗಾಗಲಿ ಎಂದು ಕಾಯಬೇಡಿ. ಆಗ ಆಪರೇಷನ್ ಬೇಕಾಗಬಹುದು, ಅದೂ ಬೇಗ. ರಾತ್ರಿಯಾದರೂ ಹುಬ್ಬಳ್ಳಿಗೆ ಹೊರಡಿ.