ಎರಡೂವರೆ ವರ್ಷದ ಮಗುವಿಗೆ ಸನ್‌ಸ್ಕ್ರೀನ್: ಕೊಬ್ಬರಿ ಎಣ್ಣೆ, ಅರಿಶಿನ ಸಾಕಾ?

ದಾವಣಗೆರೆ ಬಿಸಿಲು, ಎರಡೂವರೆ ವರ್ಷದ ಮಗಳು, ಅಂಗಡಿ ಕ್ರೀಮ್ ಹಚ್ಚಿದರೆ ಕೆನ್ನೆ ಕೆಂಪಾಗಿ ತುರಿಕೆ, ಅದರ ಬದಲು ಕೊಬ್ಬರಿ ಎಣ್ಣೆಗೆ ಅರಿಶಿನ ಕಲಸಿ ಹಚ್ಚಬಹುದಾ ಅಂತ ಕೇಳಿದ್ದೀರಿ.

ಬಿಸಿಲು ತಡೆಯೋಕೆ ಅದು ಸಾಲದು. ಕೊಬ್ಬರಿ ಎಣ್ಣೆಯ ಎಸ್‌ಪಿಎಫ್ (ಬಿಸಿಲಿಗೆ ಚರ್ಮ ಸುಡುವುದನ್ನು ಎಷ್ಟು ತಡೆಯುತ್ತದೆ ಎಂಬ ಅಳತೆ) ಹತ್ತನ್ನೂ ಮುಟ್ಟುವುದಿಲ್ಲ, ನಿಮಗೆ ಬೇಕಿರುವುದು 30ರಿಂದ 50. ಕಡಲೆಹಿಟ್ಟು, ಅರಿಶಿನ ಸ್ನಾನಕ್ಕಿರಲಿ. ನಿಂಬೆರಸವಂತೂ ಹತ್ತಿರ ಸೇರಿಸಬೇಡಿ: ಅದು ಚರ್ಮದ ಮೇಲಿದ್ದಾಗ ಬಿಸಿಲು ಬಿದ್ದರೆ ಸುಟ್ಟ ಹಾಗೆ ಬೊಬ್ಬೆ ಬಂದು ಕಪ್ಪು ಕಲೆ ಉಳಿಯುತ್ತದೆ. ಬಿಸಿಲು ತಡೆಯುವ ಜಿಂಕ್ ಆಕ್ಸೈಡ್ ಪುಡಿ ತರಿಸಿ ಮನೆಯಲ್ಲೇ ಕ್ರೀಮ್ ಮಾಡುವವರೂ ಇದ್ದಾರೆ. ಕೈಯಲ್ಲಿ ಕಲಸಿದರೆ ಪುಡಿ ಗಂಟು ಕಟ್ಟುತ್ತದೆ, ಒಂದು ಕಡೆ ದಪ್ಪ, ಪಕ್ಕದಲ್ಲೇ ಖಾಲಿ. ಡಯಾಪರ್ ಕ್ರೀಮು, ಕ್ಯಾಲಮೈನ್ ಲೋಷನ್‌ಗಳಲ್ಲಿ ಜಿಂಕ್ ಇದ್ದರೂ ಅವನ್ನು ಬಿಸಿಲಿಗೆ ಅಂತ ಪರೀಕ್ಷೆ ಮಾಡಿರುವುದಿಲ್ಲ.

ಟ್ಯೂಬಿನ ಮುಂದೆ ಬರೆದ ‘ನ್ಯಾಚುರಲ್’, ‘ಬೇಬಿ’ ಮಾತನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿ. ಬಿಸಿಲು ತಡೆಯುವ ವಸ್ತು ಜಿಂಕ್ ಆಕ್ಸೈಡ್, ಬೇಕಾದರೆ ಜೊತೆಗೆ ಟೈಟಾನಿಯಂ ಡೈಆಕ್ಸೈಡ್, ಇಷ್ಟೇ ಇರಬೇಕು. ಇಂಥದ್ದಕ್ಕೇ ‘ಮಿನರಲ್’ ಅನ್ನುವುದು. ಮುಂದೆ ‘ಮಿನರಲ್’ ಅಂತ ಹಾಕಿ ಹಿಂದೆ ಅವೊಬೆನ್ಜೋನ್, ಆಕ್ಸಿಬೆನ್ಜೋನ್‌ನಂಥ ಬಿಸಿಲು ತಡೆಯುವ ಬೇರೆ ರಾಸಾಯನಿಕ ಸೇರಿಸಿದ್ದರೆ ಬಿಟ್ಟುಬಿಡಿ. ಪರ್ಫ್ಯೂಮ್, ಫ್ರಾಗ್ರೆನ್ಸ್ ಎಂದಿದ್ದರೂ ಬೇಡ. ಲ್ಯಾವೆಂಡರ್, ಕಿತ್ತಳೆ ಎಣ್ಣೆಗಳು ಗಿಡದಿಂದಲೇ ಬಂದರೂ ಸೂಕ್ಷ್ಮ ಚರ್ಮಕ್ಕೆ ಉರಿ ತರಿಸುವುದು ಹೆಚ್ಚಾಗಿ ಇಂಥವೇ. ‘ಬ್ರಾಡ್ ಸ್ಪೆಕ್ಟ್ರಮ್’ ಎಂದಿರಲಿ, ಅಂದರೆ ಬಿಸಿಲಿನಲ್ಲಿ ಚರ್ಮಕ್ಕೆ ಹಾನಿ ಮಾಡುವ ಯುವಿ ಕಿರಣದ ಎರಡೂ ಬಗೆಯನ್ನು (ಯುವಿಎ, ಯುವಿಬಿ) ತಡೆಯುವಂಥದ್ದು. ಸ್ಪ್ರೇ, ಪೌಡರ್ ರೂಪದ್ದು ಮಗುವಿನ ಉಸಿರಿಗೆ ಹೋಗುತ್ತದೆ, ಕ್ರೀಮನ್ನೇ ತನ್ನಿ.

ತಂದ ದಿನವೇ ಮುಖಕ್ಕೆ ಬಳಿಯಬೇಡಿ. ಮೊಳಕೈ ಒಳಮಡಿಕೆಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ದಿನಕ್ಕೆರಡು ಸಲ, ಮೂರು ನಾಲ್ಕು ದಿನ ಹಚ್ಚಿ ನೋಡಿ. ಅಲರ್ಜಿ ಎರಡು ಮೂರು ದಿನ ತಡವಾಗಿಯೂ ಏಳುತ್ತದೆ, ಒಂದು ಗಂಟೆ ಕಾದು ಏನೂ ಆಗಲಿಲ್ಲ ಅಂದುಕೊಂಡರೆ ಪ್ರಯೋಜನವಿಲ್ಲ.

ಹೆಚ್ಚಿನವರು ಎಡವುವುದು ಅಳತೆಯಲ್ಲಿ. ಈ ವಯಸ್ಸಿಗೆ ಮುಖ, ಕಿವಿ, ಕುತ್ತಿಗೆಗೆ ಸೇರಿ ಕಾಲು ಟೀ ಚಮಚ ಮೇಲೆ ಚೂರು. ಮೊಳಕೈ ಕೆಳಗಿನ ಎರಡೂ ಕೈಗೆ ಅಷ್ಟೇ. ಮಂಡಿಯಿಂದ ಪಾದದವರೆಗೆ ಎರಡೂ ಕಾಲಿಗೆ ಸೇರಿ ಅರ್ಧ ಟೀ ಚಮಚ. ಅಂದರೆ ಒಂದು ಸಲಕ್ಕೆ ಸುಮಾರು 5 ಗ್ರಾಂ, 50 ಗ್ರಾಂ ಟ್ಯೂಬು ಹತ್ತು ಸಲಕ್ಕೆ ಖಾಲಿ. ಎರಡು ತಿಂಗಳು ಬಂತು ಅಂದರೆ ಹಚ್ಚಿದ್ದು ತೀರಾ ತೆಳು. ಜಿಂಕ್ ಕ್ರೀಮ್ ಗಟ್ಟಿ ಇರುತ್ತದೆ, ಚುಕ್ಕೆ ಚುಕ್ಕೆ ಇಟ್ಟು ಎರಡು ಸುತ್ತಿನಲ್ಲಿ ಮೆಲ್ಲಗೆ ಹರಡಿ. ಬಿಳಿ ಛಾಯೆ ಉಳಿದರೆ ಉಳಿಯಲಿ, ಅದು ಹೋಗಲಿ ಅಂತ ಉಜ್ಜಿದರೆ ಕ್ರೀಮೂ ಹೋಗುತ್ತದೆ, ಕೆನ್ನೆಯೂ ಕೆಂಪಾಗುತ್ತದೆ. ರೆಪ್ಪೆಗೆ ಬೇಡ, ಕೈ ಬಾಯಿಗೆ ಹಾಕುವ ಮಗುವಾದರೆ ಅಂಗೈ, ಬೆರಳಿಗೂ ಬೇಡ. ಹೊರಡುವ 15 ನಿಮಿಷ ಮೊದಲು ಹಚ್ಚಿ. ಎರಡು ಗಂಟೆಗೊಮ್ಮೆ, ನೀರಾಡಿದ ಮೇಲೆ, ಬೆವರು ಒರೆಸಿದ ಮೇಲೆ ಮತ್ತೆ ಹಚ್ಚಿ.

ಕ್ರೀಮಿಗಿಂತ ಮೊದಲು ಬಟ್ಟೆ: ತೆಳು ಹತ್ತಿಯ ತುಂಬು ತೋಳು, ಸುತ್ತಲೂ ಅಂಚಿರುವ ಟೋಪಿ. ಬೆನ್ನು, ಹೊಟ್ಟೆಗೆ ಬಟ್ಟೆಯೇ ಸಾಕು, ಅಲ್ಲೂ ದಪ್ಪ ಕ್ರೀಮ್ ಮೆತ್ತಿದರೆ ಏಪ್ರಿಲ್ ಸೆಕೆಗೆ ಬೆವರುಸಾಲೆ ಏಳುತ್ತದೆ. ಚಿತ್ರದುರ್ಗದ ಕೋಟೆಗೆ ಕರೆದುಕೊಂಡು ಹೋಗುವುದಿದ್ದರೆ ಬೆಳಿಗ್ಗೆ ಹತ್ತರೊಳಗೆ ಇಳಿದುಬಿಡಿ, ಬಂಡೆ ಕಾದ ಮೇಲೆ ಮೇಲೂ ಬಿಸಿಲು, ಕೆಳಗೂ ಧಗೆ. ಆಷಾಢದ ಗಾಳಿಗೆ ತಂಪೆನಿಸಿದರೂ ಯುವಿ ಕಿರಣ ಮೋಡ ದಾಟಿ ಬರುತ್ತದೆ. ಟ್ಯೂಬನ್ನು ನಿಲ್ಲಿಸಿದ ಕಾರಲ್ಲಿ ಬಿಡಬೇಡಿ. ಎಣ್ಣೆ ಬೇರೆ, ಪುಡಿ ಬೇರೆ ಆಗಿದ್ದರೆ ಎಸೆಯಿರಿ.

ಆರು ತಿಂಗಳೊಳಗಿನ ಕೂಸಿಗೆ ಸನ್‌ಸ್ಕ್ರೀನ್ ಬೇಡ, ನೆರಳು, ಬಟ್ಟೆ ಅಷ್ಟೇ. ನಿಮ್ಮ ಮಗಳಿಗೆ ಮಡಿಕೆಗಳಲ್ಲಿ ಒರಟು ಚರ್ಮ, ರಾತ್ರಿ ತುರಿಕೆ ಇದ್ದರೆ ಅದು ಎಕ್ಸಿಮಾ (ಚರ್ಮ ಒಣಗಿ, ಕೆಂಪಾಗಿ ತುರಿಸುವ ಕಾಯಿಲೆ) ಇರಬಹುದು. ಆಗ ಹೊಸ ಕ್ರೀಮ್ ಹುಡುಕುವ ಮೊದಲು ಚರ್ಮದ ಡಾಕ್ಟರಿಗೆ ತೋರಿಸಿ, ಕೆಂಪಾಗಿಸಿದ ಹಳೇ ಟ್ಯೂಬನ್ನೂ ಜೊತೆಗೆ ಒಯ್ಯಿರಿ.